ಸೂತಕವಿಲ್ಲದ ಮನೆಯ ಹುಡುಗ

ಚನ್ನಮಲ್ಲಪ್ಪನನ್ನು ಮೈದಾನದಲ್ಲಿ ಯಾರೂ ಆ ಹೆಸರಿನಿಂದ ಕರೆಯುತ್ತಿರಲಿಲ್ಲ. ಅಷ್ಟುದ್ದದ ಹೆಸರನ್ನು ಕೂಗಿ ಮುಗಿಸುವಷ್ಟರಲ್ಲಿ ಎದುರಿನವನು ಗೋಲು ಹೊಡೆದು ಮನೆಗೆ ಹೋಗಿ ಕಾಫಿ ಕುಡಿಯುತ್ತಿದ್ದ. ಅಲ್ಲಿ ಅವನ ಹೆಸರು 'ಹಿಟ್ಟು'. ಅವರಪ್ಪ ಶಂಭುಲಿಂಗಪ್ಪನದು ರಾಜಾಜಿನಗರದಲ್ಲಿ ಒಂದು ಹಿಟ್ಟಿನ ಮಿಷನ್. ಹುಡುಗ ಅಲ್ಲಿಂದ ನೇರವಾಗಿ ಆಟಕ್ಕೆ ಓಡಿ ಬರುತ್ತಿದ್ದುದರಿಂದ ಹುಬ್ಬಿನ ಮೇಲೆ, ಕಿವಿಯ ಹಿಂದೆ, ಕುತ್ತಿಗೆಯ ಮಡಿಕೆಯಲ್ಲಿ ಬೆಳ್ಳಗೆ ಹಿಟ್ಟು ಕೂತಿರುತ್ತಿತ್ತು. ಬೆವರಿದ ಮೇಲೆ ಅದು ಅಂಟಾಗಿ ಇಳಿಯುತ್ತಿತ್ತು. ಅವನನ್ನು ತಳ್ಳಿಕೊಂಡು ಹೋಗಲು ಬಂದ ಎದುರು ಪಾರ್ಟಿಯ ಹುಡುಗರ ಕೈಗೂ ಒಂದಿಷ್ಟು ಮೆತ್ತಿಕೊಳ್ಳುತ್ತಿತ್ತು.

ಶಂಭುಲಿಂಗಪ್ಪ ತಿಪಟೂರಿನ ಕಡೆಯವನು. ಅಣ್ಣತಮ್ಮಂದಿರಲ್ಲಿ ಪಾಲಾದಾಗ ಅವನಿಗೆ ಬಂದದ್ದು ಜಗಳದ ದೊಡ್ಡ ಪಾಲು ಮತ್ತು ಆಸ್ತಿಯ ಚಿಕ್ಕ ಪಾಲು. ಆ ಚಿಕ್ಕ ಪಾಲನ್ನು ಒಂದು ಮೋಟಾರು, ಎರಡು ಕಲ್ಲು, ಒಂದು ಬೆಲ್ಟು ಮಾಡಿಕೊಂಡು ಬೆಂಗಳೂರಿಗೆ ಬಂದ. ಆಗ ರಾಜಾಜಿನಗರ ಇನ್ನೂ ಅರ್ಧ ಊರು, ಅರ್ಧ ನಕ್ಷೆ. ಜನ ಮನೆ ಕಟ್ಟಿಸುತ್ತಿದ್ದರು, ಕಾರ್ಖಾನೆಗೆ ಹೋಗುತ್ತಿದ್ದರು, ಮತ್ತು ಹಿಟ್ಟಿನ ತೂಕದಲ್ಲಿ ಮಾತ್ರ ಯಾರನ್ನೂ ನಂಬುತ್ತಿರಲಿಲ್ಲ. ಧಾನ್ಯವನ್ನು ಮನೆಯಲ್ಲಿ ಒಂದು ಸಲ ತೂಗಿ, ಮಿಷನ್ನಿನಲ್ಲಿ ಮತ್ತೊಂದು ಸಲ ತೂಗಿಸಿ, ಹಿಟ್ಟಾದ ಮೇಲೆ ಡಬ್ಬವನ್ನು ಕೈಯಲ್ಲಿ ಎತ್ತಿ ಮೂರನೆಯ ಸಲ ಅಂದಾಜು ಹಾಕುವ ಗಿರಾಕಿಗಳು. ಹಾರಿಹೋದ ಧೂಳಿನ ಲೆಕ್ಕವನ್ನು ಯಾರೂ ಒಪ್ಪುತ್ತಿರಲಿಲ್ಲ. ಆ ಧೂಳು ಎಲ್ಲಿ ಹೋಗುತ್ತಿತ್ತು ಎಂದು ಗೊತ್ತಾಗಲು ಕೆಲವು ವರ್ಷ ಬೇಕಾಯಿತು. ಅದು ಶಂಭುಲಿಂಗಪ್ಪನ ಎದೆಗೆ ಹೋಗುತ್ತಿತ್ತು.

ರಾಜಾಜಿನಗರದ ಹುಡುಗರಿಗೆ ಕಾಲ್ಚೆಂಡು ಕಲಿಸಿದವನು ಶ್ರೀರಾಮಪುರದ ಕಡೆಯ ಒಬ್ಬ ಮುದುಕ. ಬಟ್ಟೆ ಮಿಲ್ಲಿನಲ್ಲಿ ಕೆಲಸ ಮಾಡಿ ನಿವೃತ್ತನಾಗಿದ್ದ. ಮಿಲ್ಲಿನ ತಂಡದಲ್ಲಿ ಒಂದು ಕಾಲಕ್ಕೆ ಬರಿಗಾಲಲ್ಲಿ ಆಡಿದವನಂತೆ. ಹುಡುಗರು ಅವನನ್ನು ಮಾಸ್ಟರ್ ಎನ್ನುತ್ತಿದ್ದರು. ಅವನ ಕನ್ನಡದಲ್ಲಿ ತಮಿಳು ಎಷ್ಟಿತ್ತೆಂದರೆ, ಬೈದಾಗ ಯಾವ ಭಾಷೆಯಲ್ಲಿ ಬೇಜಾರು ಮಾಡಿಕೊಳ್ಳಬೇಕೆಂದು ತಿಳಿಯುತ್ತಿರಲಿಲ್ಲ. ಹೈಸ್ಕೂಲಿನಲ್ಲಿದ್ದ ಚನ್ನಮಲ್ಲಪ್ಪ ಒಂದು ಸಂಜೆ ಮೈದಾನದ ಅಂಚಿನಲ್ಲಿ ನಿಂತಿದ್ದಾಗ, ಚೆಂಡು ಹೊರಗೆ ಬಂತು; ಒದ್ದು ವಾಪಸ್ಸು ಕಳಿಸಿದ. ಮಾಸ್ಟರ್ ಚೆಂಡನ್ನು ನೋಡಲಿಲ್ಲ, ಹುಡುಗನ ಉಸಿರನ್ನು ನೋಡಿದ. ಮೈದಾನ ಸುತ್ತಿ ಬರಲು ಹೇಳಿದ. ಸುತ್ತಿ ಬಂದ. ಮತ್ತೆ ಸುತ್ತಲು ಹೇಳಿದ. ಸಾಕು ಎಂದು ಮಾಸ್ಟರ್ ತಾನೇ ಹೇಳುವವರೆಗೂ ಸುತ್ತಿದ, ಬಾಯಿ ತೆರೆಯದೆ, ಮೂಗಿನಲ್ಲೇ ಉಸಿರಾಡುತ್ತಾ. ಹಿಟ್ಟಿನ ಮನೆಯಲ್ಲಿ ಬೆಳೆದವನು ಬಾಯಿ ಮುಚ್ಚಿ ಉಸಿರಾಡುವುದನ್ನು ಮೊದಲೇ ಕಲಿತಿದ್ದ.

ಅವನನ್ನು ಬ್ಯಾಕ್ ಮಾಡಿದರು, ಗೋಲಿನ ಮುಂದೆ ನಿಂತು ತಡೆಯುವ ಆಟಗಾರ. ಎದುರಿನವನ ಕಾಲು ನೋಡಬೇಡ, ಚೆಂಡು ನೋಡಬೇಡ, ಸೊಂಟ ನೋಡು, ಸೊಂಟ ಸುಳ್ಳು ಹೇಳಲ್ಲ ಎಂದು ಮಾಸ್ಟರ್ ಕಲಿಸಿದ. ಇನ್ನೊಂದನ್ನೂ ಕಲಿಸಿದ. ಒಂದು ಪಂದ್ಯದಲ್ಲಿ ಚನ್ನಮಲ್ಲಪ್ಪ ಶುದ್ಧವಾಗಿ ಚೆಂಡನ್ನೇ ಕಿತ್ತುಕೊಂಡಿದ್ದ. ರೆಫ್ರಿ ಪೆನಾಲ್ಟಿ ಕೊಟ್ಟ. ಹುಡುಗ ರೆಫ್ರಿಯ ಎದುರಿಗೆ ಹೋಗಿ ವಾದಕ್ಕೆ ನಿಂತ. ನ್ಯಾಯ ಪೂರ್ತಿ ಅವನ ಕಡೆ ಇತ್ತು, ನೋಡುತ್ತಿದ್ದವರಿಗೆಲ್ಲ ಗೊತ್ತಿತ್ತು. ಮಾಸ್ಟರ್ ಅವನನ್ನು ಹೊರಗೆ ಕರೆದು, ಉಳಿದ ಆಟ ಪೂರ್ತಿ ಕೂರಿಸಿದ. ಮುಂದಿನ ಪಂದ್ಯದಲ್ಲೂ ಕೂರಿಸಿದ.

"ವಿಸಿಲ್ ಊದಿದ್ಮೇಲೆ ಅದು ತಪ್ಪಾದ್ರೂ ಸರಿ ಕಣೋ," ಎಂದ. "ಕೈ ಹಿಂದೆ ಕಟ್ಕೊ, ಹಿಂದಕ್ಕೆ ಬಾ, ನಿನ್ನ ಜಾಗದಲ್ಲಿ ನಿಂತ್ಕೊ. ಮಾತಾಡೋನು ಬೇಕಾದ್ರೆ ಕೋರ್ಟಿಗೆ ಹೋಗ್ಲಿ, ಗ್ರೌಂಡಿಗೆ ಬೇಡ."

ಹುಡುಗ ಈ ಪಾಠವನ್ನು ಮಾಸ್ಟರ್ ಬಯಸಿದ್ದಕ್ಕಿಂತ ಚೆನ್ನಾಗಿ ಕಲಿತ. ಮೈದಾನದಲ್ಲಿ ಬಿಟ್ಟು ಬರಬೇಕಾದದ್ದನ್ನು ಮನೆಗೂ ತಂದ. ಮಿಷನ್ನಿಗೆ ಬಂದ ಹೆಂಗಸೊಬ್ಬಳು ಹಿಟ್ಟು ಕಡಿಮೆಯಾಯಿತು ಎಂದರೆ ಸಾಕು, ಮಾತಿಲ್ಲದೆ ಪಕ್ಕದ ಡಬ್ಬದಿಂದ ಒಂದು ಬೊಗಸೆ ತೆಗೆದು ಹಾಕಿಬಿಡುವನು. ಶಂಭುಲಿಂಗಪ್ಪನಿಗೆ ಇದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು. ಹೀಗೆ ಕೇಳಿದವರಿಗೆಲ್ಲ ಬೊಗಸೆ ಹಾಕುತ್ತಾ ಹೋದರೆ ಕೊನೆಗೆ ಕಲ್ಲನ್ನೂ ಬಿಚ್ಚಿ ಕೊಡಬೇಕಾಗುತ್ತದೆ ಎಂದು ರೇಗುತ್ತಿದ್ದ. ವ್ಯಾಪಾರದಲ್ಲಿ ಗಿರಾಕಿಯ ಮೊದಲ ಮಾತು ಬರೀ ಗಂಟಲು ಸರಿಮಾಡಿಕೊಳ್ಳುವುದು. ಅದಕ್ಕೇ ಒಪ್ಪಿಕೊಂಡವನನ್ನು ಗಿರಾಕಿಯೂ ಮೆಚ್ಚುವುದಿಲ್ಲ. ಆದರೆ ಮಗನಿಗೆ ಈ ವಿದ್ಯೆ ಹತ್ತಲಿಲ್ಲ.

ಒಂದು ಸಲ ಅಪ್ಪನೇ ಆಟ ನೋಡಲು ಬಂದ. ಪೂರ್ತಿ ಆಟ ಬಿಸಿಲಲ್ಲಿ ನಿಂತಿದ್ದು, ಮನೆಗೆ ಬರುವಾಗ ದಾರಿಯಲ್ಲಿ ಕೇಳಿದ: "ನಿನಗ್ಯಾಕೆ ಅವರು ಗೋಲು ಹೊಡೆಯೋಕೆ ಬಿಡಲ್ಲ?"

ತನ್ನ ಕೆಲಸ ಹೊಡೆಯುವುದಲ್ಲ, ತಡೆಯುವುದು ಎಂದು ಮಗ ವಿವರಿಸಿದ.

"ಅಂದ್ರೆ ಬಾಗಿಲು ಕಾಯೋ ಕೆಲಸ," ಎಂದ ಶಂಭುಲಿಂಗಪ್ಪ. ಸ್ವಲ್ಪ ದೂರ ನಡೆದು, "ಸಂಬಳ ಉಂಟಾ?" ಎಂದ.

ಇನ್ನೂ ಇಲ್ಲ ಎಂದ ಮಗ. ಆ 'ಇನ್ನೂ' ಎಂಬ ಮಾತು ಅಪ್ಪನಿಗೆ ಹಿಡಿಸಿತು.

ಚನ್ನಮಲ್ಲಪ್ಪ ಹೈಸ್ಕೂಲು ಮುಗಿಸುವ ವರ್ಷ ಅವನ ಅಜ್ಜಿ ಬಸವ್ವ ತೀರಿಕೊಂಡಳು. ಬೆಳಿಗ್ಗೆ ಮಣ್ಣು ಮಾಡಿ ಬಂದರು. ಶಂಭುಲಿಂಗಪ್ಪ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ಮಧ್ಯಾಹ್ನವೇ ಮಿಷನ್ನಿನ ಬಾಗಿಲು ತೆಗೆದ. ಅವರ ಮನೆತನದಲ್ಲಿ ಸಾವಿಗೆ ಸೂತಕವಿಲ್ಲ. ಹೋದವರು ಶಿವನಲ್ಲಿ ಸೇರಿದರು. ಸೇರಿದ್ದಕ್ಕೆ ಮೈಲಿಗೆ ಯಾಕೆ? ಲಿಂಗ ಕಟ್ಟಿಕೊಂಡ ದಿನದಿಂದ ಆ ಮನೆಯಲ್ಲಿ ಇದನ್ನು ಮಕ್ಕಳಿಗೆ ಹೇಳಿಕೊಟ್ಟೇ ಬೆಳೆಸುತ್ತಿದ್ದರು. ಶಂಭುಲಿಂಗಪ್ಪ ಬೇರೆ ವಿಷಯಗಳಲ್ಲಿ ಎಷ್ಟು ಹೊಂದಿಕೊಳ್ಳುವವನೋ ಇದರಲ್ಲಿ ಅಷ್ಟೇ ಹಟಮಾರಿ.

ಆದರೆ ಗಿರಾಕಿ ಬರಲಿಲ್ಲ. ಎದುರು ಮನೆಯ ರಾಮಮ್ಮ, ಬಹಳ ಒಳ್ಳೆಯ ಹೆಂಗಸು, ಗೋಧಿಯ ಡಬ್ಬ ಹಿಡಿದು ಬಾಗಿಲವರೆಗೂ ಬಂದವಳು, ಹತ್ತು ದಿನ ಕಳೆಯಲಿ ಶಂಭುಲಿಂಗಪ್ಪನೋರೆ ಎಂದು ಮೆಲ್ಲಗೆ ಹೇಳಿ ತಿರುಗಿದಳು.

"ನಮಗೆ ಸೂತಕ ಇಲ್ಲ ತಾಯಿ," ಎಂದ ಶಂಭುಲಿಂಗಪ್ಪ.

"ನಿಮಗಿಲ್ಲ, ಸರಿ. ನಮಗಿದೆಯಲ್ಲ," ಎಂದಳು ರಾಮಮ್ಮ.

ಶಂಭುಲಿಂಗಪ್ಪ ಬೀದಿಗೆ ಕೇಳಿಸಲಿ ಎಂದು ಮನೆಯ ರಾಗಿಯನ್ನೇ ತಂದು ಬೀಸಿದ. ಅದು ಮುಗಿದ ಮೇಲೆ ಖಾಲಿ ಕಲ್ಲನ್ನೇ ಓಡಿಸಿದ. ಅಕ್ಕಪಕ್ಕದವರು ತಮ್ಮ ತಮ್ಮ ಡಬ್ಬ ಹೊತ್ತುಕೊಂಡು ಭಾಷ್ಯಂ ಸರ್ಕಲ್ ಕಡೆಯ ಮಿಷನ್ನಿಗೆ ಹೋದರು. ಚನ್ನಮಲ್ಲಪ್ಪ ಇದನ್ನೆಲ್ಲ ನೋಡಿದ್ದ. ತಮ್ಮ ಮನೆಯಲ್ಲಿ ಇಲ್ಲದ ಒಂದು ವಸ್ತು ಎದುರು ಮನೆಯವರಿಗೆ ಕಾಣಿಸಬಲ್ಲದು ಎಂಬುದು ಅವನಿಗೆ ಅಂದೇ ತಿಳಿಯಿತು. ತಿಳಿದದ್ದು ಹೊತ್ತಿಗೆ ನೆನಪಾಗಬೇಕಷ್ಟೆ.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಶಂಭುಲಿಂಗಪ್ಪ ಮೆಟ್ಟಿಲು ಹತ್ತಿದರೆ ನಿಂತು ಉಸಿರು ಎಳೆದುಕೊಳ್ಳುವಂತಾದ. ಕೆಮ್ಮಿದರೆ ಬೀದಿಯ ತುದಿಗೆ ಕೇಳಿಸುತ್ತಿತ್ತು. ಆಸ್ಪತ್ರೆಯ ಡಾಕ್ಟರು ಎದೆಯ ಫೋಟೋ ನೋಡಿ, ಇದು ಕ್ಷಯವಲ್ಲ, ಹಿಟ್ಟಿನ ಧೂಳು, ಮಿಷನ್ ಬಿಡಬೇಕು ಎಂದರು. ಮಿಷನ್ ಬಿಟ್ಟರೆ ಊಟವನ್ನೂ ಬಿಡಬೇಕಾಗುತ್ತದೆ, ಎರಡರಲ್ಲಿ ಯಾವುದು ಬೇಗ ಕೊಲ್ಲುತ್ತದೋ ಅದನ್ನು ಬರೆದುಕೊಡಿ ಎಂದು ಶಂಭುಲಿಂಗಪ್ಪ ತಮಾಷೆ ಮಾಡಿದ. ಡಾಕ್ಟರು ನಗಲಿಲ್ಲ. ಯಾರೇ ಅಲ್ಲಿ ನಿಂತರೂ ಹೀಗೇ ಆಗುತ್ತದೆ, ಬೇಗ ಅಥವಾ ತಡವಾಗಿ, ಎಂದು ಮಗನ ಕಡೆ ತಿರುಗಿ ಹೇಳಿದರು.

ಆ ಮಾತು ಚನ್ನಮಲ್ಲಪ್ಪನ ತಲೆಯಲ್ಲಿ ಕೂತಿತು. ಅವನು ಕಾಲೇಜು ಬಿಟ್ಟು ಬೆಳಿಗ್ಗೆ ಸಂಜೆ ಮಿಷನ್ ನೋಡಿಕೊಂಡ. ಅವನು ಆಟಕ್ಕೆ ಹೋದಾಗ ತಾಯಿ ನೀಲಮ್ಮ ಸೆರಗನ್ನು ಮೂಗಿಗೆ ಕಟ್ಟಿಕೊಂಡು ನಿಲ್ಲುತ್ತಿದ್ದಳು. ರಜೆಯಲ್ಲಿ ತಂಗಿ ಜಗದಾಂಬಾ ನಿಲ್ಲುತ್ತಿದ್ದಳು. ಒಂದು ದಿನ ತಾಯಿ ಬಟ್ಟೆ ಒಗೆಯುತ್ತಾ ಕೆಮ್ಮಿದಳು. ಬರೀ ಒಂದು ಕೆಮ್ಮು, ನೆಗಡಿಯದ್ದೂ ಇರಬಹುದು. ಅಂದಿನಿಂದ ಅವನಿಗೆ ಬೇಕಾದದ್ದು ಒಂದೇ ಆಯಿತು: ಎಲ್ಲಾದರೂ ಸಂಬಳದ ಕೆಲಸ ಹಿಡಿದು ಈ ಮಿಷನ್ನಿನ ಬಾಗಿಲು ಶಾಶ್ವತವಾಗಿ ಹಾಕುವುದು. ಆಟ ಆಮೇಲಿನ ಮಾತು. ಆಟ ಆ ಬಾಗಿಲಿನ ಬೀಗ ಅಷ್ಟೆ.

ಆ ದಿನಗಳಲ್ಲಿ ದೊಡ್ಡ ಕಾರ್ಖಾನೆಗಳು ಆಟಗಾರರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದವು. ಹೆಸರಿಗೆ ಫಿಟ್ಟರ್, ಹೆಲ್ಪರ್, ಸ್ಟೋರಿನ ಗುಮಾಸ್ತ. ನಿಜಕ್ಕೆ ಲೀಗಿನಲ್ಲಿ ಕಂಪನಿಯ ಬನಿಯನ್ ಹಾಕಿಕೊಂಡು ಆಡುವವರು. ತುಮಕೂರು ರಸ್ತೆಯ ಕಡೆಯ ಅಂಥ ಒಂದು ಕಾರ್ಖಾನೆಯಲ್ಲಿ ಚಕ್ರಪಾಣಿ ಎಂಬ ವೆಲ್ಫೇರ್ ಆಫೀಸರು ತಂಡವನ್ನು ನೋಡಿಕೊಳ್ಳುತ್ತಿದ್ದರು. ಹಣೆಯ ಮೇಲೆ ತೆಳ್ಳಗೆ ನಾಮ, ಇಸ್ತ್ರಿ ಮಾಡಿದ ಅರ್ಧ ತೋಳಿನ ಶರ್ಟು, ಯಾರನ್ನೂ ಏಕವಚನದಲ್ಲಿ ಬೈಯದ ನಾಲಿಗೆ. ಅವರು ಮಾಸ್ಟರನ ಮಾತು ಕೇಳಿ ಬಂದು ಎರಡು ಸಲ ಚನ್ನಮಲ್ಲಪ್ಪನ ಆಟ ನೋಡಿದರು. ಅವನ ಜೊತೆಗೆ ಮೂಡಲಪಾಳ್ಯದ ವೆಂಕಟೇಶ್ ಎಂಬ ಹುಡುಗನನ್ನೂ ನೋಡಿದರು. ವೆಂಕಟೇಶ್ ಮುಂದೆ ಆಡುವವನು, ಹೊಲಗದ್ದೆಯ ಮನೆಯವನು, ಚನ್ನಮಲ್ಲಪ್ಪನ ಜೀವದ ಗೆಳೆಯ. ಅವರ ಮನೆಯ ರಾಗಿ ಸೈಕಲ್ಲಿನ ಮೇಲೆ ಇದೇ ಮಿಷನ್ನಿಗೆ ಬರುತ್ತಿತ್ತು. ಎಪ್ಪತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಚಕ್ರಪಾಣಿ ಹೇಳಿಕಳಿಸಿದರು: ಭಾನುವಾರ ಕಂಪನಿಯ ಮೈದಾನದಲ್ಲಿ ಪಂದ್ಯ, ಮ್ಯಾನೇಜರು ನೋಡಲು ಬರುತ್ತಾರೆ, ಒಬ್ಬ ಫಾರ್ವರ್ಡ್ ಬೇಕು, ಒಬ್ಬ ಬ್ಯಾಕ್ ಬೇಕು, ಇಬ್ಬರೂ ಬನ್ನಿ. ಬ್ಯಾಕಿನ ಜಾಗ ನಿನ್ನದೇ ಅಂದುಕೋ ಎಂದು ಮಾಸ್ಟರ್ ಚನ್ನಮಲ್ಲಪ್ಪನಿಗೆ ಹೇಳಿದ. ಅವನು ಸುಮ್ಮಸುಮ್ಮನೆ ಆಸೆ ಹುಟ್ಟಿಸುವ ಮನುಷ್ಯನಲ್ಲ.

ಶಂಭುಲಿಂಗಪ್ಪ ಶುಕ್ರವಾರ ಸಂಜೆ ತೀರಿಕೊಂಡ. ಗೋಡೆಗೆ ಒರಗಿ ಕೂತವನು, ಭಾನುವಾರ ಎಷ್ಟು ಹೊತ್ತಿಗೆ ಆಟ, ಆಟೋದಲ್ಲಿ ಕರೆದುಕೊಂಡು ಹೋಗುತ್ತೀಯಾ ಎಂದು ಮಗನನ್ನು ಕೇಳಿದ್ದ. ಉತ್ತರ ಕೇಳಿಸಿಕೊಂಡನೋ ಇಲ್ಲವೋ ಗೊತ್ತಿಲ್ಲ. ಶನಿವಾರ ಅಯ್ನೋರು ಬಂದರು. ಕೂರಿಸಿ, ವಿಭೂತಿ ಹಚ್ಚಿ, ಬಿಲ್ವಪತ್ರೆ ಹಾಕಿ, ಲಿಂಗವನ್ನು ಅಂಗೈಯಲ್ಲಿಟ್ಟು ಮಣ್ಣು ಮಾಡಿದರು. ವೆಂಕಟೇಶ್ ಮತ್ತು ಅವನ ತಾಯಿ ಅಕ್ಕಯ್ಯಮ್ಮ ಮೂಡಲಪಾಳ್ಯದಿಂದ ಬಂದಿದ್ದರು. ಮಗ ಅಳಲಿಲ್ಲ. ಮಣ್ಣು ಹಾಕುವಾಗ ಅವನ ಕೈ ಮೆಲ್ಲಗೆ, ಸಮವಾಗಿ ಹೋಗುತ್ತಿತ್ತು, ಕಲ್ಲಿಗೆ ಕಾಳು ಬಿಡುವಾಗ ಹೋಗುವ ಹಾಗೆ. ಹುಡುಗ ಗಟ್ಟಿ ಎಂದು ಒಬ್ಬರು ಮೆಚ್ಚಿದರು. ಕಲ್ಲೆದೆ ಎಂದು ಇನ್ನೊಬ್ಬರು ಪಿಸುಗುಟ್ಟಿದರು. ಇಬ್ಬರೂ ಒಂದೇ ಮುಖವನ್ನು ನೋಡಿದ್ದರು.

ಭಾನುವಾರ ಬೆಳಿಗ್ಗೆ ಅವನು ಎದ್ದು ಸುಮ್ಮನೆ ಕೂತಿದ್ದ. ಹೋಗಬೇಕೆಂದು ಕೇಳುವ ಧೈರ್ಯ ಅವನಿಗಿರಲಿಲ್ಲ. ಹೋಗುವುದಿಲ್ಲ ಎಂದು ಹೇಳುವ ಮನಸ್ಸೂ ಇರಲಿಲ್ಲ. ನೀಲಮ್ಮ ಒಳಗಿನಿಂದ ರಾಗಿ ಗಂಜಿ ತಂದು ಮುಂದಿಟ್ಟಳು. ಬೂಟನ್ನು ಯಾವಾಗಲೂ ಹೊರಗೇ ಇಡಿಸುವ ಹೆಂಗಸು, ಚರ್ಮದ್ದು ಎಂದು ಚೆಂಡನ್ನು ಎಂದೂ ಹೊಸಿಲು ದಾಟಿಸದವಳು, ಅಂದು ತಾನೇ ಬೂಟು ಎತ್ತಿ ತಂದಳು.

"ನಿಮ್ಮಪ್ಪ ಆಗಿದ್ರೆ ಇಷ್ಟು ಹೊತ್ತಿಗೆ ಮಿಷನ್ನಿಗೆ ಬೆಲ್ಟ್ ಹಾಕಿರ್ತಿದ್ರು," ಎಂದಳು. "ಹೋಗಿ ಬಾ. ನಾನು ಹೇಳಿದೀನಿ ಅಂತ ಹೋಗಿ ಬಾ."

ಹಣೆಗೆ ವಿಭೂತಿ ಹಚ್ಚಿ ಕಳಿಸಿದಳು. ಅವಳಿಗೆ ಇದರಲ್ಲಿ ದುಃಖಕ್ಕೆ ಅವಮಾನ ಕಾಣಲಿಲ್ಲ. ಗಂಡನ ಮನೆಯ ಪದ್ಧತಿಯನ್ನು ಗಂಡ ಮಣ್ಣಾದ ಮಾರನೆಯ ದಿನವೇ ಮುರಿಯುವುದು ಅವಳಿಗೆ ಬೇಡವಾಗಿತ್ತು.

ವೆಂಕಟೇಶ್ ಬಸ್ ಸ್ಟಾಪಿನಲ್ಲಿ ಸಿಕ್ಕ. ಗೆಳೆಯ ಬರುತ್ತಾನೆಂದು ಅವನು ಅಂದುಕೊಂಡಿರಲಿಲ್ಲ. ನೋಡಿದವನಿಗೆ ಕಣ್ಣಲ್ಲಿ ನೀರು ಬಂತು. ತುರ್ತು ಪರಿಸ್ಥಿತಿಯ ಕಾಲ. ಬಸ್ಸುಗಳು ಈಗ ಹೊತ್ತಿಗೆ ಸರಿಯಾಗಿ ಬರುತ್ತವೆ ಎಂದು ಬಸ್ಸಿನಲ್ಲಿ ಓಡಾಡದವರು ಹೇಳುತ್ತಿದ್ದರು. ಇಬ್ಬರೂ ಬಹಳ ಹೊತ್ತು ಕಾದರು. ಆ ಹೊತ್ತಿನಲ್ಲಿ ಚನ್ನಮಲ್ಲಪ್ಪ ಒಂದು ಮಾತು ಹೇಳಬಹುದಿತ್ತು: ಅಲ್ಲಿ ಯಾರಿಗೂ ಹೇಳಬೇಡ ಮಗಾ ಎಂದು. ಎದುರು ಮನೆಯ ರಾಮಮ್ಮನ ಗೋಧಿಯ ಡಬ್ಬ ಅವನಿಗೆ ನೆನಪಾಗಬೇಕಿತ್ತು. ಅವನು ಅಪ್ಪ ಕೇಳಿದ ಆಟೋದ ಬಗ್ಗೆಯೇ ಯೋಚಿಸುತ್ತಿದ್ದ.

ಕಂಪನಿಯ ಮೈದಾನದಲ್ಲಿ ಗೆರೆಗಳಿಗೆ ಹೊಸ ಸುಣ್ಣ ಹಾಕಿದ್ದರು. ಮ್ಯಾನೇಜರಿಗಾಗಿ ಷಾಮಿಯಾನ, ಕುರ್ಚಿಗಳು. ಚನ್ನಮಲ್ಲಪ್ಪ ಬೂಟು ಕಟ್ಟಿಕೊಳ್ಳುತ್ತಿದ್ದಾಗ ವೆಂಕಟೇಶ್ ಚಕ್ರಪಾಣಿಯವರ ಹತ್ತಿರ ಹೋದ. ಅವನ ಉದ್ದೇಶ ಬೆಣ್ಣೆಯಷ್ಟು ಒಳ್ಳೆಯದಾಗಿತ್ತು. ಸಾರ್, ನೆನ್ನೆ ತಾನೇ ಅವರಪ್ಪನನ್ನ ಮಣ್ಣು ಮಾಡಿದಾನೆ, ಆದರೂ ಬಂದಿದಾನೆ, ಎಂಥ ಹುಡುಗ ನೋಡಿ ಸಾರ್ ಎಂದ. ಸರಕನ್ನು ಹೊಗಳಿ ಮಾರುವಾಗ ಯಾರ ಮುಂದೆ ಏನು ಹೊಗಳಬೇಕೆಂಬುದು ಗೊತ್ತಿರಬೇಕು. ವೆಂಕಟೇಶನಿಗೆ ಅದು ಗೊತ್ತಿರಲಿಲ್ಲ. ಅವನು ವ್ಯಾಪಾರದ ಮನೆಯವನಲ್ಲ.

ಚಕ್ರಪಾಣಿ ನಡೆದು ಬಂದು ಹುಡುಗನ ಪಕ್ಕದಲ್ಲಿ ಹುಲ್ಲಿನ ಮೇಲೇ ಕೂತರು. ಇಸ್ತ್ರಿಯ ಪ್ಯಾಂಟಿನಲ್ಲಿ ಅವರು ಹಾಗೆ ಕೂತದ್ದನ್ನು ಯಾರೂ ಅದುವರೆಗೆ ನೋಡಿರಲಿಲ್ಲ.

"ವೆಂಕಟೇಶ್ ಹೇಳಿದ್ದು ನಿಜಾನೇನಪ್ಪಾ?"

"ನಿಜ ಸಾರ್."

"ಮತ್ತೆ ಇಲ್ಲಿ ಯಾಕೆ ಬಂದ್ರಿ?"

"ನಮ್ಮಲ್ಲಿ ಸೂತಕ ಇಲ್ಲ ಸಾರ್."

ಚಕ್ರಪಾಣಿ ಅವನ ಮುಖವನ್ನೇ ನೋಡಿದರು. ಹುಡುಗ ಕೆಲಸದ ಆಸೆಗೆ ಹೀಗೆ ಹೇಳುತ್ತಿದ್ದಾನೆ ಎಂದುಕೊಂಡರು. ಬಡತನ ಒಬ್ಬ ಮಗನಿಂದ ಏನೆಲ್ಲ ಹೇಳಿಸುತ್ತದೆ ಎಂದು ಮರುಗಿದರು. ಅವರಿಗೂ ಒಂದು ಹಳೆಯ ನೋವಿತ್ತು. ತಮ್ಮ ತಂದೆ ತೀರಿಕೊಂಡ ವಾರವೇ ಇಲಾಖೆಯ ಪರೀಕ್ಷೆ ಬರೆಯಲು ಮದ್ರಾಸಿಗೆ ಹೋಗಿದ್ದರು, ಪಾಸಾದರು, ಬಡ್ತಿ ಬಂತು, ಆದರೆ ಅವರ ತಾಯಿ ಕೊನೆಯವರೆಗೂ ಅದನ್ನು ಮರೆಯಲಿಲ್ಲ. ಅದನ್ನೇ ಮೆಲ್ಲಗೆ ಹೇಳಿದರು. ಇದು ಮುಂದೆ ನಿಮ್ಮನ್ನು ಕೊರೆಯುತ್ತದೆ, ನನ್ನ ಕಣ್ಣೆದುರಿಗೆ ಹಾಗಾಗುವುದು ಬೇಡ ಎಂದರು. ಮ್ಯಾನೇಜರಿಗೆ ಗೊತ್ತಾದರೂ ಸರಿಹೋಗುವುದಿಲ್ಲ, ತಂದೆಗೆ ಆಗದವನು ಕಂಪನಿಗೆ ಏನಾಗುತ್ತಾನೆ ಎನ್ನುತ್ತಾರೆ ಎಂದರು. ಹೆಗಲ ಮೇಲೆ ಕೈಯಿಟ್ಟರು.

"ಮನೆಗೆ ಹೋಗಿ. ಹದಿಮೂರು ದಿನ ಮುಗಿಸ್ಕೊಂಡು ಬನ್ನಿ. ನಾನೆಲ್ಲಿಗೆ ಹೋಗ್ತೀನಿ, ಇಲ್ಲೇ ಇರ್ತೀನಿ."

ಚನ್ನಮಲ್ಲಪ್ಪನಿಗೆ ಹೇಳಲು ಮಾತುಗಳಿದ್ದವು. ಅಮ್ಮನೇ ಕಳಿಸಿದಳು ಎನ್ನಬಹುದಿತ್ತು. ಹಣೆಯ ವಿಭೂತಿ ತೋರಿಸಬಹುದಿತ್ತು. ಅಪ್ಪ ಬಸವ್ವಜ್ಜಿಯನ್ನು ಮಣ್ಣು ಮಾಡಿ ಮಧ್ಯಾಹ್ನವೇ ಕಲ್ಲು ಓಡಿಸಿದ್ದನ್ನು ಹೇಳಬಹುದಿತ್ತು. ಈ ಕೆಲಸ ಸಿಗದಿದ್ದರೆ ಅಮ್ಮ ಧೂಳಿನಲ್ಲಿ ನಿಲ್ಲಬೇಕಾಗುತ್ತದೆ ಎಂದು ಬಾಯಿಬಿಟ್ಟು ಹೇಳಬಹುದಿತ್ತು. ಅಪ್ಪನಂತೆ ಒಂದು ಮಾತಿಗೆ ಎರಡು ಮಾತು ಆಡುವವನಾಗಿದ್ದರೆ ಕಾಲು ಗಂಟೆಯಲ್ಲಿ ಚಕ್ರಪಾಣಿ ಕರಗುತ್ತಿದ್ದರು; ಅವರು ಆಗಲೇ ಅರ್ಧ ಕರಗಿದ್ದರು. ಆದರೆ ಅಲ್ಲಿ ಸುಣ್ಣದ ಗೆರೆಯಿತ್ತು, ಕಾಲಲ್ಲಿ ಬೂಟಿತ್ತು, ಮೇಲಿನವರೊಬ್ಬರು ತೀರ್ಪು ಹೇಳಿದ್ದರು. ಹುಡುಗನ ಎರಡೂ ಕೈ ತಾವಾಗಿಯೇ ಹಿಂದಕ್ಕೆ ಹೋದವು.

"ಸರಿ ಸಾರ್," ಎಂದ. ಬೂಟು ಬಿಚ್ಚಿದ.

ಮನೆಗೆ ಬಂದಾಗ ನೀಲಮ್ಮ ಬಾಗಿಲಲ್ಲೇ ಇದ್ದಳು. ಆಟ ಮುಗಿಯುವ ಹೊತ್ತು ಇನ್ನೂ ಆಗಿಲ್ಲವೆಂದು ಅವಳಿಗೆ ತಿಳಿದಿತ್ತು. ಆಡಿಸಲಿಲ್ಲ ಎಂದಷ್ಟೇ ಹೇಳಿ ಅವನು ಒಳಗೆ ಹೋಗಿ ಗೋಡೆಗೆ ಒರಗಿ ಕೂತ. ಅಪ್ಪ ಒರಗುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆಯಿತ್ತು. ಅಲ್ಲಿ ತಲೆಯಿಟ್ಟ ಮೇಲೆ ಅಳು ಬಂತು. ಜಗದಾಂಬಾ ಹತ್ತಿರ ಹೋಗಲು ಎದ್ದಳು. ತಾಯಿ ಅವಳ ಕೈ ಹಿಡಿದು ಕೂರಿಸಿದಳು.

ಹದಿಮೂರು ದಿನ ಅವನು ಕಾದ. ತಮ್ಮ ಮನೆಯಲ್ಲಿ ಇಲ್ಲದ ಸೂತಕವನ್ನು ಇನ್ನೊಬ್ಬರ ಮಾತಿಗೆ ಪೂರ್ತಿ ಕಳೆದವನು ಅವನೊಬ್ಬನೇ ಇರಬೇಕು. ಮಾರನೆಯ ದಿನ ಕಾರ್ಖಾನೆಯ ಗೇಟಿಗೆ ಹೋದ. ಚಕ್ರಪಾಣಿ ಮಾತಿಗೆ ತಪ್ಪಿರಲಿಲ್ಲ, ಅಲ್ಲೇ ಇದ್ದರು, ಕೆಲಸ ಅಲ್ಲಿರಲಿಲ್ಲ. ಅಂದು ಚನ್ನಮಲ್ಲಪ್ಪನ ಜಾಗದಲ್ಲಿ ಸುಮ್ಮನೆ ಲೆಕ್ಕ ತುಂಬಲು ನಿಲ್ಲಿಸಿದ್ದ ಹುಡುಗ ಚೆನ್ನಾಗಿಯೇ ಆಡಿದ್ದ. ಮ್ಯಾನೇಜರು ಷಾಮಿಯಾನದಲ್ಲೇ ವೆಂಕಟೇಶನನ್ನೂ ಆ ಹುಡುಗನನ್ನೂ ಒಪ್ಪಿಬಿಟ್ಟಿದ್ದರು. ಚಕ್ರಪಾಣಿ ಓಡಾಡಿದ್ದರು, ಬೇಡಿಕೊಂಡಿದ್ದರು, ಆಗಿರಲಿಲ್ಲ. ಈ ಹದಿಮೂರು ದಿನದಲ್ಲಿ ಯಾರೋ ಅವರಿಗೆ ಇನ್ನೊಂದು ವಿಷಯವನ್ನೂ ಹೇಳಿದ್ದರು: ಆ ಜನರಲ್ಲಿ ನಿಜವಾಗಿಯೂ ಸೂತಕ ಹಿಡಿಯುವುದಿಲ್ಲ ಎಂದು.

"ಅವತ್ತೇ ಇನ್ನೊಂದು ಸಲ ಹೇಳ್ಬಾರ್ದಿತ್ತೇನಪ್ಪಾ," ಎಂದರು ಚಕ್ರಪಾಣಿ.

"ನೀವು ಹೇಳಿದ ಮೇಲೆ ಹೆಂಗೆ ಸಾರ್ ಮಾತಾಡೋದು," ಎಂದ ಚನ್ನಮಲ್ಲಪ್ಪ.

ಮುಂದಿನ ವರ್ಷ ಖಂಡಿತ ಎಂದರು. ಮುಂದಿನ ವರ್ಷ ಕಂಪನಿ ಹೊಸಬರನ್ನು ತೆಗೆದುಕೊಳ್ಳಲಿಲ್ಲ. ಅದರ ಮುಂದಿನ ವರ್ಷ ಚಕ್ರಪಾಣಿಗೆ ಬೇರೆ ಊರಿಗೆ ವರ್ಗವಾಯಿತು. ಹೋಗುವ ಮೊದಲು ಒಮ್ಮೆ ಮಿಷನ್ನಿನವರೆಗೂ ಬಂದು, ಒಳಗೆ ಹಿಟ್ಟಿನ ಮೋಡದಲ್ಲಿ ನಿಂತವನನ್ನು ಬೀದಿಯಿಂದಲೇ ನೋಡಿ, ಕರೆಯದೆ ಹೋದರಂತೆ. ನಾಮ ಹಾಕಿದವರೊಬ್ಬರು ಹೀಗೆ ನಿಂತು ಹೋದರೆಂದು ರಾಮಮ್ಮ ಆಮೇಲೆ ಹೇಳಿದಳು.

ಅಪ್ಪ ಹೋದ ಮೇಲೆ ಚನ್ನಮಲ್ಲಪ್ಪ ಮನೆಯಲ್ಲಿ ಒಂದೇ ಒಂದು ಕಾನೂನು ಮಾಡಿದ. ಅಮ್ಮನೂ ತಂಗಿಯೂ ಮಿಷನ್ನಿನೊಳಗೆ ಕಾಲಿಡಕೂಡದು. ನೀಲಮ್ಮ ನಕ್ಕಳು, ರೇಗಿದಳು, ಅತ್ತಳು. ಎಲ್ಲರಿಗೂ ಸೋಲುವ ಮಗ ಇದರಲ್ಲಿ ಸೋಲಲಿಲ್ಲ. ಜಗದಾಂಬಾಳನ್ನು ಟೀಚರ್ ಟ್ರೇನಿಂಗಿಗೆ ಸೇರಿಸಿದ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನಿಂತ. ಕರೆಂಟು ಹೋದಾಗ ಮಾತ್ರ ಹೊರಗೆ ಬರುತ್ತಿದ್ದ, ಆಗಿನ ಕಾಲಕ್ಕೆ ಅದು ಬೇಕಾದಷ್ಟು ಹೋಗುತ್ತಿತ್ತು. ಬೀದಿಯವರು ಸರ್ಕಾರವನ್ನು ಬೈಯುತ್ತಿದ್ದರೆ ನೀಲಮ್ಮ ಒಬ್ಬಳೇ ಒಳಗೊಳಗೆ ಅದಕ್ಕೆ ಒಳ್ಳೆಯದಾಗಲಿ ಎನ್ನುತ್ತಿದ್ದಳು.

ವೆಂಕಟೇಶ್ ಕೆಲಸಕ್ಕೆ ಸೇರಿದ. ಮೊದಮೊದಲು ಬರುತ್ತಿದ್ದ. ಬಂದಾಗಲೆಲ್ಲ ಆ ದಿನದ ಮಾತನ್ನೇ ಎತ್ತಿ ಕಣ್ಣೊರೆಸಿಕೊಳ್ಳುತ್ತಿದ್ದ. ಬಿಡು ಮಗಾ ಎಂದು ಚನ್ನಮಲ್ಲಪ್ಪನೇ ಅವನನ್ನು ಸಮಾಧಾನ ಮಾಡಬೇಕಾಗುತ್ತಿತ್ತು. ಕ್ರಮೇಣ ಬರುವುದು ನಿಂತಿತು. ಅಕ್ಕಯ್ಯಮ್ಮ ಮಾತ್ರ ದಾರಿಯಲ್ಲಿ ಬೇರೆ ಮಿಷನ್ನುಗಳು ಬಂದರೂ ದಾಟಿಕೊಂಡು, ಮೂಡಲಪಾಳ್ಯದಿಂದ ಇಲ್ಲಿಗೇ ರಾಗಿ ಹೊರಿಸಿಕೊಂಡು ಬರುತ್ತಿದ್ದಳು. ಕಾರಣ ಅವಳೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಭಾನುವಾರದ ಸಂಜೆ ಆಟ ಇನ್ನೂ ಇತ್ತು. ಮೊದಲ ಒಂದು ವರ್ಷ ಹಿಂದಿನಂತೆಯೇ ಆಡಿದ. ಆಮೇಲೆ ಆಟದ ಕೊನೆಯ ಹೊತ್ತಿಗೆ ಸುಸ್ತಾಗತೊಡಗಿದ. ಎಪ್ಪತ್ತೊಂಬತ್ತರಲ್ಲಿ ಒಂದು ಪಂದ್ಯದ ನಡುವೆ, ಒಬ್ಬ ಪುಟ್ಟ ಹುಡುಗ ಚೆಂಡು ತಳ್ಳಿಕೊಂಡು ಪಕ್ಕದಲ್ಲೇ ಓಡಿಹೋದ. ಅವನ ಸೊಂಟ ಯಾವ ಕಡೆ ತಿರುಗುತ್ತದೆಂದು ಚನ್ನಮಲ್ಲಪ್ಪನಿಗೆ ಮೊದಲೇ ಗೊತ್ತಿತ್ತು, ಕಾಲೂ ಆ ಕಡೆಗೇ ಹೋಯಿತು, ಉಸಿರು ಹೋಗಲಿಲ್ಲ. ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಾ ಮೊಣಕಾಲ ಮೇಲೆ ಕೈಯೂರಿ ನಿಂತ. ಗೆರೆಯಾಚೆ ಕೂತಿದ್ದ ಮಾಸ್ಟರ್ ತಲೆ ತಗ್ಗಿಸಿ ಹುಲ್ಲು ಕೀಳತೊಡಗಿದ. ಯಾರೂ ಕರೆಯುವ ಮೊದಲೇ ಚನ್ನಮಲ್ಲಪ್ಪ ನಡೆದು ಹೊರಗೆ ಬಂದ. ಮತ್ತೆ ಹೋಗಲಿಲ್ಲ.

ಅದೇ ವರ್ಷ ಜಗದಾಂಬಾಳಿಗೆ ಕೆಂಗೇರಿಯ ಕಡೆ ಸ್ಕೂಲಿನಲ್ಲಿ ಕೆಲಸವಾಯಿತು. ಇನ್ನು ಮಿಷನ್ ಮುಚ್ಚಣ್ಣ ಎಂದು ದಿನವೂ ಪೀಡಿಸುತ್ತಿದ್ದಳು. ನಿನ್ನ ಮದುವೆ ಆಗಲಿ ಎಂದು ಅವನು ಮುಂದಕ್ಕೆ ಹಾಕುತ್ತಿದ್ದ.

ಒಂದು ಮಧ್ಯಾಹ್ನ ನೀಲಮ್ಮ ಊಟ ತಂದಳು. ಮಗನ ಕಾನೂನಿನಂತೆ ಮಿಷನ್ನಿನ ಹೊರಗಿನ ಕಟ್ಟೆಯ ಮೇಲೆ ಕೂತಳು. ಅವನು ಮೋಟಾರು ನಿಲ್ಲಿಸಿ ಹೊರಗೆ ಬಂದು ಮುದ್ದೆ ಮುರಿಯುವ ಮೊದಲು ಕೆಮ್ಮಿದ. ಅವಳು ಆ ಕೆಮ್ಮನ್ನು ಬಲ್ಲಳು. ಗಂಡನ ಎದೆಯಲ್ಲಿ ವರ್ಷಗಟ್ಟಲೆ ಕೇಳಿದ್ದಳು. ಅವನು ಉಣ್ಣುವುದನ್ನೇ ನೋಡುತ್ತಾ ಕೂತು, ಕೊನೆಗೆ ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೇಳಿದಳು.

"ಅವತ್ತು ನಾನು ನಿನ್ನ ಕಳಿಸಬಾರದಿತ್ತು ಕಣೋ. ಮನೇಲಿ ಕೂರಿಸ್ಕೊಂಡು, ಆಮೇಲೆ ಹೋಗು ಅಂದಿದ್ರೆ, ಪಾಪ ಅನ್ನಿಸ್ಕೊಂಡಾದ್ರೂ ಕೆಲಸ ಆಗ್ತಿತ್ತು."

ಅವನು ತಟ್ಟೆಯಲ್ಲಿ ಕೈ ತೊಳೆದುಕೊಂಡ.

"ನೀನು ಕಳಿಸಿದ್ದು ಸರಿ ಕಣಮ್ಮ," ಎಂದ. "ನಾನು ವಾಪಸ್ ಬಂದಿದ್ದು ತಪ್ಪು."

ಅವಳು ಏನೋ ಹೇಳಲು ಹೋದಳು. ಅಷ್ಟರಲ್ಲಿ ಗೋಧಿ ತಂದ ಹೆಂಗಸೊಬ್ಬಳು ಬಂದು ನಿಂತಳು. ಅವನು ಎದ್ದು ಡಬ್ಬ ಇಸಿದುಕೊಂಡು ಒಳಗೆ ಹೋದ. ಮೋಟಾರು ಹಾಕುವ ಮೊದಲು, ತಾಯಿ ಕೂತ ಕಡೆಯ ಬಾಗಿಲಿನ ಹಲಗೆಯನ್ನು ಎಳೆದು ಮುಚ್ಚಿದ.